ವಾಸಿಯಾದವರ ಸಾಲು

"ವಾಸಿಯಾದವರ ಸಾಲಲ್ಲಿ ನಿಮ್ಮ ಹೆಸರೂ ಬರೆಸಿದ್ದೀನಿ ಅತ್ತಿಗೆ. ಆ ಟೀಚರ್ ಮಾತಾಡಿದ ಮೇಲೆ ನೀವೇ," ಎಂದು ಧ್ಯಾನ ಶಿಬಿರದ ಕೊನೆಯ ದಿನ ನಾದಿನಿ ಕಿವಿಯಲ್ಲಿ ಉಸುರಿದಾಗ ಟೈಲರಕ್ಕನ ಪಿತ್ತ ನೆತ್ತಿಗೇರಿತು. ವಾಸಿಯಂತೆ! ಇವತ್ತು ಬೆಳಿಗ್ಗೆ ತನ್ನ ರವಿಕೆಯ ಗುಂಡಿ ಹಾಕಿಕೊಟ್ಟವಳು ಇದೇ ನಾದಿನಿ. ಊರವರಿಗೆಲ್ಲ ಗುಂಡಿ ಹೊಲಿದುಕೊಟ್ಟ ಬೆರಳುಗಳಿಗೆ ತನ್ನ ಗುಂಡಿ ಹಾಕಿಕೊಳ್ಳಲು ಆಗದೆ ಒಂಬತ್ತು ವರ್ಷವಾಗಿತ್ತು. ಕೀಲುವಾತ. ಹೊಲಿಗೆ ಯಂತ್ರ ಮೂಲೆ ಸೇರಿತ್ತು, ಟೈಲರಕ್ಕ ಎಂಬ ಹೆಸರು ಮಾತ್ರ ಉಳಿದಿತ್ತು.

"ನನಗೆಲ್ಲೇ ವಾಸಿಯಾಗಿದೆ?"

"ಶ್! ಹಾಗನ್ಬಾರ್ದು. ಆಗಿದೆ ಅಂತ ಮೊದಲು ನಾಲಿಗೆ ಮೇಲೆ ಬರಬೇಕು, ಆಮೇಲೆ ಮೈಗೆ ಬರುತ್ತೆ. ಗುರುಗಳು ಇಪ್ಪತ್ತೊಂದು ದಿನದಿಂದ ಅದನ್ನೇ ತಾನೆ ಹೇಳ್ತಿರೋದು?"

"ನಾಲಿಗೆಗೇನು, ಅದಕ್ಕೆ ಕೀಲಿಲ್ಲ. ಹೇಗೆ ಬೇಕಾದ್ರೂ ಹೊರಳುತ್ತೆ."

ಒಂಬತ್ತು ವರ್ಷದಲ್ಲಿ ಅವಳು ಕೇಳದ ಬುದ್ಧಿಮಾತಿಲ್ಲ. ತಣ್ಣೀರು ಮುಟ್ಟಬೇಡ ಎಂದವರು, ತಣ್ಣೀರಲ್ಲೇ ಮೀಯಿ ಎಂದವರು, ಡಾಕ್ಟರ ಮಾತ್ರೆ ಬಿಸಾಡು ಎಂದವರು. ಎಲ್ಲರಿಗಿಂತ ಒಂದು ಕೈ ಮೇಲಾದವರು, "ಯಾರ ಮೇಲೋ ಸಿಟ್ಟಿಟ್ಟುಕೊಂಡಿದ್ದೀಯ, ಅದೇ ಬೆರಳಿಗಿಳಿದಿದೆ" ಎಂದಿದ್ದರು. ಅಲ್ಲಿಯವರೆಗೆ ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಆ ಮಾತು ಕೇಳಿದ ಮೇಲೆ ಬಂತು. ಈ ಶಿಬಿರಕ್ಕೂ ನಾದಿನಿಯ ಕಾಟ ತಡೆಯಲಾರದೆ, ಮಾತ್ರೆ ಮಾತ್ರ ಬಿಡಿಸುವುದಿಲ್ಲ ಎಂದು ಅವಳಿಂದ ಆಣೆ ಹಾಕಿಸಿಕೊಂಡೇ ಬಂದಿದ್ದಳು.

ವೇದಿಕೆಯ ಮೇಲೆ ಗಣಿತದ ನಿವೃತ್ತ ಟೀಚರಮ್ಮ ನೆಟ್ಟಗೆ ನಿಂತು, "ಹದಿನೆಂಟು ವರ್ಷದ ಸೊಂಟನೋವು, ಹೂ ಎತ್ತಿದ ಹಾಗೆ ಹೋಯ್ತು" ಎಂದರು. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಅದು ಅಡಗುವ ಮೊದಲೇ ನಾದಿನಿ ಟೈಲರಕ್ಕನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದಳು. ಇಷ್ಟು ಜನರ ನಡುವೆ ಜಗಳವಾಡುವುದೆಂತು? ಹೋದಳು. ಮೈಕನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈಗಳ ನಡುವೆ ಒತ್ತಿಕೊಂಡಳು.

"ಹೇಳಮ್ಮಾ, ಈಗ ನೋವು ಹೇಗಿದೆ?" ಗುರುಗಳು ನಗುತ್ತ ಕೇಳಿದರು.

"ಇದೆ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಅಂದ್ರೆ... ಮುಂಚಿಗಿಂತ ಕಮ್ಮಿ?"

"ನಿನ್ನೆ ಕಮ್ಮಿ ಇತ್ತು. ಇವತ್ತು ಜಾಸ್ತಿ. ನಾಳೇದು ಅದರಿಷ್ಟ." ಇಷ್ಟಕ್ಕೇ ಇಳಿದುಬಿಡಬೇಕೆಂದಿದ್ದಳು. ಆದರೆ ಒಂಬತ್ತು ವರ್ಷ ನುಂಗಿದ್ದು ಗಂಟಲಿಗೆ ಬಂದಿತ್ತು. "ಇಲ್ಲಿ ದಿನಾ ಕಣ್ಮುಚ್ಚಿ ಸುಮ್ನೆ ಕೂತಿದ್ದು ನನಗೆ ಇಷ್ಟವಾಯ್ತು ಸ್ವಾಮಿ, ಸುಳ್ಳು ಹೇಳಲ್ಲ. ಮುಂಚೆ ಎದ್ದ ತಕ್ಷಣ ಈ ಕೈಗಳಿಗೆ ಶಾಪ ಹಾಕ್ತಿದ್ದೆ. ಈಗ ಹಾಕಲ್ಲ. ಪಾಪ, ಅವಾದ್ರೂ ಏನು ಮಾಡ್ತಾವೆ? ಆದ್ರೆ 'ನಾನು ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ' ಅಂತ ಜಪ ಮಾಡಿಸ್ತೀರಲ್ಲ, ಅದು ನನ್ನ ಕೈಲಾಗಲ್ಲ. ದಾರೀಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ದೇವರ ಮುಂದೆ ಕೂತಾಗ್ಲಾದ್ರೂ ನಿಜ ಹೇಳ್ಬೇಡ್ವಾ?"

ಗುರುಗಳು ಸೊಟ್ಟಗಾದ ಆ ಬೆರಳುಗಳನ್ನು, ಇಪ್ಪತ್ತೊಂದು ದಿನದಲ್ಲಿ ಇದೇ ಮೊದಲು ಕಂಡವರಂತೆ, ನೋಡುತ್ತ ನಿಂತರು. ವ್ಯವಸ್ಥಾಪಕ ಓಡಿಬಂದು ಮೈಕು ಕಸಿದುಕೊಂಡ. "ಇವರ ನಂಬಿಕೆ ಇನ್ನೂ ಸ್ವಲ್ಪ ಗಟ್ಟಿಯಾಗಬೇಕಿದೆ. ಮುಂದಿನವರು ಬನ್ನಿ!"

ಹೊರಗೆ ಜಗಲಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದ ನಾದಿನಿ ಸಿಡಿದೇ ಬಿಟ್ಟಳು. "ಅಷ್ಟು ಜನರ ಮುಂದೆ ನನ್ನ ಮಾನ ಹರಾಜಾಯ್ತು. ಹೋಯ್ತು ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಟೈಲರಕ್ಕ ಬಾತುಕೊಂಡ ಬೆರಳಗೆಣ್ಣುಗಳನ್ನು ಅವಳ ಮುಖದೆದುರು ಹಿಡಿದಳು. "ಈ ಗಂಟು ಹೋಗೋ ಹಾಗಿದ್ರೆ ನೂರು ಸಲ ಅಂತಿದ್ದೆ ಕಣೇ!"

ನಾದಿನಿ ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು. "ನೀವು ವಾಸಿಯಾಗ್ಲಿ ಅಂತ ತಾನೆ ನಾನು ಇಷ್ಟೆಲ್ಲ..."

"ಗೊತ್ತು. ಅದಕ್ಕೇ ಇಪ್ಪತ್ತೊಂದು ದಿನ ಬಂದೆ. ಹೋಗು, ಗಾಡಿ ಹಿಡ್ಕೊಂಡು ಬಾ."

ನಾದಿನಿ ಮೂಗೊರೆಸಿಕೊಳ್ಳುತ್ತ ರಸ್ತೆಯ ಕಡೆ ಹೋದಳು. ಅವಳು ಮರೆಯಾದ ಮೇಲೆ ಸಭಾಂಗಣದ ಬಾಗಿಲು ಮೆಲ್ಲಗೆ ತೆರೆಯಿತು. ಗಣಿತದ ಟೀಚರ್. ಆಚೆ ಈಚೆ ನೋಡಿ, ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಗೋಡೆಗೆ ಕೈಯೂರಿ, ಒಂದೊಂದೇ ಹೆಜ್ಜೆಯನ್ನು ಎಳೆದು ಹಾಕುತ್ತ ಬಂದರು. ವೇದಿಕೆಯ ಮೇಲಿದ್ದ ಆ ನೆಟ್ಟಗಿನ ಬೆನ್ನು ಈಗ ಬಿಲ್ಲಾಗಿತ್ತು. ಹಣೆಯ ಮೇಲೆ ಬೆವರು.

"ನಿಮ್ಮದು ಪುಣ್ಯ ಕಣಮ್ಮಾ," ಎಂದರು ದನಿ ತಗ್ಗಿಸಿ. "ನಾನು ಮೊದಲನೇ ವಾರವೇ ಹೋಯ್ತು ಅಂದ್ಬಿಟ್ಟೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲಾ ಕುಣಿದಾಡ್ಬಿಟ್ರು. ಈಗ ಮನೇಲಿ ನರಳೋಕೂ ಆಗಲ್ಲ."

ಟೈಲರಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಟೀಚರ್ ಬೆಂಚಿನ ಅಂಚು ಹಿಡಿದು, ಹಲ್ಲು ಕಚ್ಚಿ, ನಿಧಾನವಾಗಿ ಕುಳಿತರು. ಆಮೇಲೆ, ತರಗತಿಯಲ್ಲಿ ಹೊರಗೆ ಹೋಗಲು ಅಪ್ಪಣೆ ಕೇಳುವ ಹುಡುಗಿಯ ಹಾಗೆ ಅವಳ ಮುಖ ನೋಡಿದರು.

"ನಿಮ್ಮ ಗಾಡಿ ಬರೋವರೆಗೆ... ಇಲ್ಲಿ ಒಂಚೂರು ನರಳ್ಲಾ?"