ಒಳ್ಳೇ ಮಾತು

ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಆಸ್ಪತ್ರೆ ಸೇರಿದ್ದ ಯಾಮಿನಿ ಕಾಲೇಜಿಗೆ ಮರಳಿ ವಾರವಾಗಿತ್ತಷ್ಟೆ. ಇವತ್ತು ಸ್ಟೀಲ್ ಡಬ್ಬಿಯಿಂದ ಗೆಳತಿ ಲತಿಕಾಳ ಹಣೆ ಒಡೆದಿದ್ದಳು. ಪ್ರಿನ್ಸಿಪಾಲ್ ಮೇಡಂಗೆ ನಂಬಿಕೆಯೇ ಬರಲಿಲ್ಲ. ಯಾರಿಗೂ ಎದುರುತ್ತರ ಕೊಟ್ಟ ಹುಡುಗಿಯಲ್ಲ.

“ಯಾಕಮ್ಮ ಹೊಡೆದೆ?”

ಯಾಮಿನಿ ತಲೆ ತಗ್ಗಿಸಿದಳು. ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು.

“ಲತಿಕಾ, ನೀನೇನಂದೆ ಅವಳಿಗೆ?”

“ಬೈಲಿಲ್ಲ ಮೇಡಂ, ಒಳ್ಳೇ ಮಾತೇ ಆಡ್ದೆ,” ಎಂದಳು ಲತಿಕಾ, ಹಣೆಗೆ ಕರವಸ್ತ್ರ ಒತ್ತಿಕೊಂಡು.

ಮೇಡಂ ಎದ್ದು ಬಂದು ಯಾಮಿನಿಯ ಗಲ್ಲ ಹಿಡಿದೆತ್ತಿದರು. “ಹೋಗ್ಲಿ ಬಿಡು. ಕಡ್ಡಿ ಥರ ಇದ್ದೆ. ಈಗ ನೋಡು, ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದೀಯ. ಈ ಕೋಪ ಯಾಕೆ?”

ಲತಿಕಾ ಮೆಲ್ಲಗೆ ಬಾಗಿಲ ಕಡೆಗೆ ಸರಿದಳು.

“ಮೇಡಂ, ನಾನೂ ಇದನ್ನೇ ಅಂದಿದ್ದು.”