ಮೆಟ್ಟಿಲ ಕೆಳಗಿನ ವೈನ್

ಬೇಸ್‌ಮೆಂಟಿನ ಮೆಟ್ಟಿಲ ಕೆಳಗಿನಿಂದ ಜಗನ್ನಾಥ ಎಳೆದ ರಟ್ಟಿನ ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಅವನೇ ಮಾಡಿದ ವೈನ್. ಪ್ರತಿ ಬಾಟಲಿಯ ಮೇಲೂ ಅವನದೇ ಕೈಬರಹದ ಚೀಟಿ, ಇಸವಿ ಸಮೇತ. ಒಂದರ ಬಿರಡೆಯನ್ನೂ ಯಾರೂ ತೆಗೆದಿರಲಿಲ್ಲ. ಹಿಂದೆ ಇನ್ನೊಂದು ಪೆಟ್ಟಿಗೆ ಕಾಣಿಸಿತು. ಅದರಲ್ಲೂ ಅದೇ.

ಗೆಳೆಯ ದ್ವಾರಕಾನಾಥ ಮನೆ ಖಾಲಿ ಮಾಡುತ್ತಿದ್ದಾನೆಂದು ಅವನು ನೆರವಿಗೆ ಬಂದಿದ್ದ. ದ್ವಾರಕಾನಾಥನ ಕಂಪನಿ ಈ ಊರಿನ, ಅಂದರೆ ಟ್ರಾಯ್‌ನ, ಆಫೀಸು ಮುಚ್ಚಿತ್ತು. ಐದು ಗಂಟೆ ದಾರಿಯ ಡೌನರ್ಸ್ ಗ್ರೋವ್‌ನಲ್ಲಿ ಬೇರೆ ಕೆಲಸ ಸಿಕ್ಕಿ, ಅದರ ಹತ್ತಿರದ ಅರೋರಾದಲ್ಲಿ ಮನೆ ನೋಡಿಕೊಂಡಿದ್ದ. ಗೆಳೆಯರಿಬ್ಬರೂ ಒಂದೇ ಬಡಾವಣೆಯವರು. ಜಗನ್ನಾಥನಿಗೆ ವೈನ್ ಮಾಡುವ ಹುಚ್ಚು ಹಿಡಿದ ದಿನದಿಂದ ಮೊದಲ ಪಾಲು ಈ ಮನೆಗೇ ಬರುತ್ತಿತ್ತು. ಕಿಟ್ ತರುವುದು, ದ್ರಾಕ್ಷಿಯ ಗಟ್ಟಿ ರಸವನ್ನು ಬಕೆಟ್ಟಿಗೆ ಸುರಿದು ನೀರು, ಯೀಸ್ಟ್ ಬೆರೆಸುವುದು, ಒಂದೂವರೆ ತಿಂಗಳಿಗೆಲ್ಲ ಬಾಟಲಿ ತುಂಬಿ ಗೆಳೆಯನ ಬಾಗಿಲು ತಟ್ಟುವುದು. ಮುಂದಿನ ಸಲ ಸಿಕ್ಕಾಗ, "ಅಂಗಡೀದಕ್ಕಿಂತ ಹೇಗಿತ್ತು?" ಎಂದು ಕೇಳುವನು. "ಅದಕ್ಕೂ ಇದಕ್ಕೂ ಹೋಲಿಕೆನೇ ಇಲ್ಲ ಬಿಡು" ಎನ್ನುವನು ದ್ವಾರಕಾನಾಥ. ಆ ಮಾತನ್ನು ಜಗನ್ನಾಥ ಆಫೀಸಿನಲ್ಲೂ ಹೇಳಿಕೊಂಡು ಓಡಾಡಿದ್ದ.

ಅಡುಗೆಮನೆಯ ಪಾತ್ರೆಗಳಿಗೆ ಪೇಪರ್ ಸುತ್ತುತ್ತಿದ್ದ ದ್ವಾರಕಾನಾಥನ ಹೆಂಡತಿ ವಸುಧಾ, ಮೇಲೆ ಬಂದ ಪೆಟ್ಟಿಗೆ ನೋಡಿ ಕೈ ನಿಲ್ಲಿಸಿದಳು. ದ್ವಾರಕಾನಾಥ ಟೇಪಿನ ತುದಿ ಹುಡುಕುವುದರಲ್ಲಿ ಮುಳುಗಿದ.

"ಒಂದೂ ಕುಡಿದಿಲ್ವಾ?" ಜಗನ್ನಾಥ ಕೇಳಿದ.

"ಮೊದಲನೇದು ಕುಡಿದ್ವಿ" ಎಂದಳು ವಸುಧಾ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವಳಿಗೆ ಅನಿಸಿರಬೇಕು. "ಬೇಜಾರ್ ಮಾಡ್ಕೋಬೇಡಿ, ಜಗನ್ನಾಥ್. ಕೆಮ್ಮಿನ ಸಿರಪ್‌ಗೆ ಹುಣಸೆಹಣ್ಣು ಕಿವುಚಿದ ಹಾಗಿತ್ತು. ಹಾಗಂತ ಚೆಲ್ಲೋಕೂ ಮನಸ್ಸು ಬರ್ಲಿಲ್ಲ, ಮೇಲೆ ನಿಮ್ಮ ಕೈಬರಹ ಇತ್ತಲ್ಲ. ರೋಡ್ ಬದೀಲಿಡೋ ರೀಸೈಕಲ್ ಡಬ್ಬಕ್ಕೆ ಹಾಕೋಣ ಅಂದ್ರೆ ನೀವು ದಿನಾ ವಾಕಿಂಗ್ ಬರೋದೇ ಇದೇ ರೋಡಲ್ಲಿ."

ಜಗನ್ನಾಥನ ಕಿವಿ ಕೆಂಪಾಗಿತ್ತು. ಪೆಟ್ಟಿಗೆಯಿಂದ ೨೦೦೩ ಎಂದು ಬರೆದಿದ್ದ ಬಾಟಲಿಯೊಂದನ್ನು ತೆಗೆದ. ಮೂರು ವರ್ಷದ ಹಿಂದಿನದು. "ನನ್ನೆದುರಿಗೇ ಚೆಲ್ಲಿ. ಅದಕ್ಕೆ ಮುಂಚೆ ಒಂದು ಗುಟುಕು ಕುಡಿದು, ಹೇಗಿದೆ ಅಂತ ಬಾಯಿಬಿಟ್ಟು ಹೇಳು" ಎಂದ ಗೆಳೆಯನಿಗೆ.

ಗಾಜಿನ ಲೋಟಗಳೆಲ್ಲ ಪ್ಯಾಕ್ ಆಗಿದ್ದವು. ಸ್ಟೀಲ್ ಲೋಟಗಳಿಗೆ ಸುರಿದರು. ಬೀಳ್ಕೊಡುಗೆಗೆಂದು ಆಫೀಸಿನವರು ಕೊಟ್ಟಿದ್ದ ಅಂಗಡಿ ವೈನ್ ಕೌಂಟರಿನ ಮೇಲಿತ್ತು. ಹೋಲಿಸುವುದಾದರೆ ಸರಿಯಾಗಿಯೇ ಹೋಲಿಸಲಿ ಎಂದು ಜಗನ್ನಾಥ ಅದನ್ನೂ ತೆಗೆಸಿದ. ದ್ವಾರಕಾನಾಥ ಔಷಧಿ ಕುಡಿಯುವವನಂತೆ ಮುಖ ಮಾಡಿಕೊಂಡು ಮೊದಲು ಗೆಳೆಯನ ವೈನ್ ಗುಟುಕರಿಸಿದ. ಮುಖ ಸಡಿಲವಾಯಿತು. ಇನ್ನೊಂದು ಗುಟುಕು ತೆಗೆದುಕೊಂಡ. ಅಂಗಡಿಯದನ್ನು ಕುಡಿದು ಲೋಟವನ್ನು ದೂರ ಸರಿಸಿದ.

"ವಸು, ನೋಡು ಇಲ್ಲಿ."

ವಸುಧಾ ಕುಡಿದಳು. ಲೋಟವನ್ನು ಮತ್ತೆ ಮುಂದೆ ಚಾಚಿದಳು. ಹುಳಿಯೂ ಇಲ್ಲ, ಒಗರೂ ಇಲ್ಲ; ನಾಲಿಗೆಯ ಮೇಲೆ ನಯವಾಗಿ ಜಾರಿ ಹೋಗುತ್ತಿತ್ತು. ಎಲ್ಲರಿಗಿಂತ ಕೊನೆಗೆ ಕುಡಿದ ಜಗನ್ನಾಥ ಪೆಟ್ಟಿಗೆಯ ಮೇಲೆ ಕುಕ್ಕರಿಸಿಬಿಟ್ಟ. ಇಷ್ಟು ವರ್ಷಗಳಲ್ಲಿ ತಾನು ಮಾಡಿದ್ದು ಹಳೆಯದಾದ ಮೇಲಿನ ರುಚಿಯನ್ನು ಅವನು ನೋಡಿದ್ದು ಅದೇ ಮೊದಲು. ಅವನ ಮನೆಯಲ್ಲಿ ಯಾವ ಬಾಟಲಿಯೂ ಮೂರು ತಿಂಗಳು ದಾಟಿರಲಿಲ್ಲ.

"ಚೆನ್ನಾಗಿಲ್ಲ ಅಂತ ಅವತ್ತೇ ಹೇಳಿದ್ದಿದ್ರೆ?" ಎಂದ.

"ನೀನು ಮಾಡೋದೇ ಬಿಟ್ಟುಬಿಡ್ತಿದ್ದೆ" ಎಂದ ದ್ವಾರಕಾನಾಥ.

ಜಗನ್ನಾಥ ಯೋಚಿಸಿದ. "ಬಿಟ್ಟುಬಿಡ್ತಿದ್ದೆ" ಎಂದು ಒಪ್ಪಿಕೊಂಡ. ಆಮೇಲೆ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ. "ಸರಿ, ನಿಮಗೆ ಬೇಡ ತಾನೆ? ನಾನು ತಗೊಂಡು ಹೋಗ್ತೀನಿ."

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತಗೋತಾರಾ?" ದ್ವಾರಕಾನಾಥ ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದುಕೊಂಡ. ಒಂದು ಗಂಟೆಯ ಹಿಂದೆ ಯಾರಿಗೂ ಬೇಡವಾಗಿದ್ದ ಬಾಟಲಿಗಳಿಗಾಗಿ ಇಬ್ಬರೂ ದನಿ ಏರಿಸಿ ವಾದಿಸಿದರು. ಕೊನೆಗೆ ವಸುಧಾ ನೆಲದ ಮೇಲೆ ಕುಳಿತು, ನಿನಗೊಂದು ನಿನಗೊಂದು ಎಂದು ಮಕ್ಕಳಿಗೆ ಹಂಚುವಂತೆ ಹಂಚಿದಳು.

ಜಗನ್ನಾಥನ ಪಾಲು ನೆಂಟರಿಷ್ಟರಿಗೆ ಹೊಯ್ದು ಬೇಗನೆ ಮುಗಿಯಿತು. ಯಾವ ಅಂಗಡಿಯದು ಎಂದು ಎಲ್ಲರೂ ಕೇಳುವವರೇ. ಅವನು ಹೊಸ ಕಿಟ್ ತಂದ. ಈ ಸಲ ಮೂರು ವರ್ಷ ಮುಟ್ಟುವುದಿಲ್ಲ ಎಂದುಕೊಂಡು ಬೇಸ್‌ಮೆಂಟಿನಲ್ಲಿಟ್ಟ. ಹದ ಬಂದಿದೆಯೇ ನೋಡೋಣ ಎಂದು ವಾರಕ್ಕೊಂದು ತೆಗೆದು, ದೀಪಾವಳಿಯ ಹೊತ್ತಿಗೆ ಎಲ್ಲ ಖಾಲಿಯಾಯಿತು. ಕಾಯುವುದು ತನ್ನ ಕೈಲಿ ಆಗುವ ಕೆಲಸವಲ್ಲ ಎಂದು ಅರ್ಥವಾಯಿತು. ಅದರ ಮುಂದಿನ ಕಿಟ್ಟಿನ ಬಾಟಲಿಗಳನ್ನು ಒಂದೂ ಬಿಡದೆ ಕಾರಿಗೆ ತುಂಬಿಕೊಂಡು, ಐದು ಗಂಟೆ ಡ್ರೈವ್ ಮಾಡಿ ಅರೋರಾಕ್ಕೆ ಹೋದ. "ಮೆಟ್ಟಿಲ ಕೆಳಗಿಡು. ಮರೆತುಬಿಡು" ಎಂದು ದ್ವಾರಕಾನಾಥನಿಗೆ ಒಪ್ಪಿಸಿ ಬಂದ.

ಬೇಸಿಗೆಯಲ್ಲಿ ಫೋನ್ ಮಾಡಿ ವಿಚಾರಿಸಿದ.

"ಮುಗೀತು" ಎಂದ ದ್ವಾರಕಾನಾಥ.

"ಎಲ್ಲಾನೂ?"

"ಎಲ್ಲಾನೂ. ಒಳ್ಳೇದಾಗತ್ತೆ ಅಂತ ಗೊತ್ತಾದ್ಮೇಲೆ ಹೇಗೋ ಸುಮ್ನೆ ಇಡೋದು?"

"ಹೇಗಿತ್ತು?"

"ಕೆಟ್ಟದಾಗಿತ್ತು ಕಣೋ. ಬಾಯಿಗಿಡೋಕಾಗ್ತಿರ್ಲಿಲ್ಲ. ಮುಂದಿನದು ಯಾವಾಗ ತರ್ತೀಯ?"