ಅತ್ತೆಯ ಮಾನಿಟರಿಗೆ ಇಟ್ಟ ಗಂಧ

ಗಂಧ ತೇಯುವ ವಾಸನೆ ಬಂದರೆ ಈಗಲೂ ಎನ್.ಆರ್. ಕಾಲೋನಿಯಲ್ಲಿದ್ದ ಸೋದರತ್ತೆಯ ಡಿಟಿಪಿ ಅಂಗಡಿ ನೆನಪಾಗುತ್ತದೆ.

ವಿಜಯದಶಮಿಯ ಮರುದಿನ ಮಧ್ಯಾಹ್ನ ಅಂಗಡಿ ತೆರೆದಾಗ ಮಾನಿಟರ್ ಆನ್ ಆಗಲಿಲ್ಲ. ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದವರು ಎದ್ದು ನಿಂತರು. "ಬೇರೆ ಕಡೆ ಮಾಡಿಸ್ಕೋತೀನಿ ಬಿಡಮ್ಮ."

"ಸ್ವಲ್ಪ ಕೂತ್ಕೊಳ್ಳಿ ಸಾರ್," ಎಂದು ಅತ್ತೆ ಕುರ್ಚಿಯನ್ನು ಮತ್ತೆ ಅವರತ್ತ ಎಳೆದರು.

ನಾನು ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಹಾಕಿ ನೋಡಿದೆ, ತಿರುಗಿತು. ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಮಾನಿಟರಿನ ಬಟನ್ ಒತ್ತಿದರೆ ಅದು ಅಲುಗಲೇ ಇಲ್ಲ. ಆಯುಧಪೂಜೆಯಲ್ಲಿ ಅತ್ತೆ ಸರಿಯಾಗಿ ಅದರ ಮೇಲೇ ಗಂಧ ಮೆತ್ತಿದ್ದರು. ಅದು ಸಂದಿಯಲ್ಲಿ ಒಣಗಿ ಗಟ್ಟಿಯಾಗಿತ್ತು. ಕಡ್ಡಿಯಿಂದ ಕೆರೆದು ಒತ್ತಿದೆ. ಹಸಿರು ದೀಪ ಹತ್ತಿತು.

ಬಂದವರು ನಗುತ್ತಾ ಮತ್ತೆ ಕೂತರು. ಅತ್ತೆ ನನ್ನ ಬೆನ್ನು ತಟ್ಟಿ, "ಮುಂದಿನ ವರ್ಷ ಗಂಧ ನೀನೇ ಇಡೇ," ಎಂದರು.

ಮರುವರ್ಷ ಹಿರಿಯರೆಲ್ಲರೆದುರು ಗಂಧದ ಬಟ್ಟಲು ನನ್ನ ಕೈಗೆ ಬಂತು. ಬಟನ್ನಿನಿಂದ ಮೂರು ಬೆರಳು ದೂರಕ್ಕೆ ಬೊಟ್ಟಿಟ್ಟೆ.